ಬಂಡೆಯ ನಡುವೆ ನೇತಾಡಿದ ನನ್ನ ಮದುವೆ

ಕೆಲವರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಮೇಷ್ಟ್ರು, ಕಂಡಕ್ಟರು, ಟೈಲರು ಎಂದರೆ ಸಾಕು, ಕೇಳಿದವರು ತಲೆಯಾಡಿಸಿ ಬೇರೆ ಮಾತಿಗೆ ಹೋಗುತ್ತಾರೆ. ನನ್ನ ಕೆಲಸಕ್ಕೆ ಆ ಭಾಗ್ಯವಿಲ್ಲ. 'ಅಡ್ವೆಂಚರ್ ಇನ್‌ಸ್ಟ್ರಕ್ಟರ್' ಎಂದು ನಾನು ಹೇಳಿದ ಕೂಡಲೇ ಎದುರಿನವರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಕನಿಕರ ಕಾಣಿಸಿಕೊಳ್ಳುತ್ತವೆ. ಪಾಪ, ಹುಡುಗನಿಗೆ ಎಲ್ಲೂ ಕೆಲಸ ಸಿಕ್ಕಿಲ್ಲ, ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ನಮ್ಮಮ್ಮನೇ ಬಹಳ ಕಾಲ, ಯಾರು ಕೇಳಿದರೂ, "ಇಂದಿರಾನಗರದಲ್ಲಿ ಯಾವುದೋ ಕಂಪನಿ, ಭಾನುವಾರಾನೂ ಬಿಡಲ್ಲ" ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದಳು.

ಮರ್ಫಿ ಟೌನಿನ ನಮ್ಮ ಬೀದಿಯವರಿಗೆ ಒಮ್ಮೆ ಸುಳಿವು ಸಿಕ್ಕಿತು. ನಾನು ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಮನೆಗೆ ಬಂದಿದ್ದೇ ತಪ್ಪಾಯಿತು. ಅಂದಿನಿಂದ ಯಾರ ಮನೆಯ ಟಿವಿ ಆಂಟೆನಾ ತಿರುಗಿದರೂ, ಯಾರ ಬೆಕ್ಕು ಹೆಂಚಿನ ಮೇಲೆ ಸಿಕ್ಕಿಕೊಂಡರೂ ನನಗೆ ಕರೆ. ನಾನು ಹೋಗಿ ಏಣಿಯನ್ನು ಅಲುಗಾಡಿಸಿ ನೋಡಿ, "ಮೇಲಿಂದ ಸೇಫ್ಟಿ ಹಗ್ಗ ಯಾರು ಹಿಡ್ಕೊಳ್ತಾರೆ?" ಎಂದು ಕೇಳುತ್ತಿದ್ದೆ. ಕಸಬಿನ ಅಭ್ಯಾಸ, ಏನು ಮಾಡುವುದು? ಸೊಂಟಕ್ಕೆ ಹಗ್ಗವಿಲ್ಲದೆ ನಾನು ಸ್ಟೂಲ್ ಕೂಡ ಹತ್ತುವವನಲ್ಲ. ನಾನು ಏಣಿಯ ಕಾಲನ್ನು ಪರೀಕ್ಷಿಸುತ್ತಿರುವಾಗಲೇ ಪಕ್ಕದ ಮನೆಯ ಪೇಂಟರು ಬಾಯಲ್ಲಿ ಬೀಡಿ ಕಚ್ಚಿಕೊಂಡು ಮೇಲೆ ಹೋಗಿ, ಆಂಟೆನಾ ತಿರುಗಿಸಿ, ಕೆಳಗಿಳಿದು ಬಂದಿರುತ್ತಿದ್ದರು. "ಇವನು ಸಾಹಸ ಕಲಿಸ್ತಾನಂತೆ" ಎಂದು ಬೀದಿ ನಗುತ್ತಿತ್ತು.

ಇಂದಿರಾನಗರದ ನೂರಡಿ ರಸ್ತೆಯ ಬಂಗಲೆಗಳು ಒಂದೊಂದಾಗಿ ಆಫೀಸುಗಳೂ ಹೋಟೆಲುಗಳೂ ಆಗುತ್ತಿದ್ದ ಕಾಲ ಅದು. ಅಂಥದೊಂದು ಬಂಗಲೆಯ ಹಿಂದಿನ ಕಾರ್ ಶೆಡ್ಡೇ ನಮ್ಮ ಕಂಪನಿ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಗ್ಗಿದವರನ್ನು ಭಾನುವಾರ ವ್ಯಾನಿನಲ್ಲಿ ತುಂಬಿಕೊಂಡು, ಕೆ.ಆರ್. ಪುರ ದಾಟಿ, ಕೋಲಾರದ ದಾರಿಯಲ್ಲಿದ್ದ ಒಂದು ಬೋಳು ಬಂಡೆಗೆ ಕರೆದುಕೊಂಡು ಹೋಗುತ್ತಿದ್ದೆವು. ಹಿಂಬದಿಯ ಕಾಲುದಾರಿಯಲ್ಲಿ ಮೇಲೆ ಹತ್ತಿಸಿ, ಮುಂಬದಿಯ ಕಡಿದಾದ ಗೋಡೆಯಲ್ಲಿ ಹಗ್ಗ ಕಟ್ಟಿ ಕೆಳಗಿಳಿಸುವುದು. ಇಷ್ಟೇ ಕೆಲಸ. ಹಗ್ಗಗಳು ಎರಡು. ಒಂದು ಇಳಿಯುವವರ ಕೈಯಲ್ಲಿರುತ್ತದೆ. ಇನ್ನೊಂದು ಅವರ ಸೊಂಟದಿಂದ ಬಂದು ಮೇಲೆ ಕೂತವನ ಕೈ ಸೇರುತ್ತದೆ. ಇಳಿಯುವವರು ಗಾಬರಿಯಲ್ಲಿ ತಮ್ಮ ಹಗ್ಗ ಬಿಟ್ಟರೂ ಮೇಲೆ ಕೂತವನು ಬಿಡಬಾರದು. ಹಾಗೆ ಮೇಲೆ ಕೂತವನು ನಾನು. ಮಿಕ್ಕಿದ್ದೆಲ್ಲ ನಸೀಮಾ.

ನಸೀಮಾ ನಮ್ಮ ಹಿರಿಯ ಇನ್‌ಸ್ಟ್ರಕ್ಟರ್. ಶಿವಾಜಿನಗರದವಳು. ಅವಳ ತಂದೆಗೆ ಅಲ್ಲಿ ಹಗ್ಗ, ಗೋಣಿಚೀಲ, ಟಾರ್ಪಾಲಿನ ಅಂಗಡಿ. ಮಗಳ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಅವರು, "ನಮ್ಮ ಲೈನೇ, ಹಗ್ಗದ್ದು" ಎಂದು ಹೇಳಿ ನಿಶ್ಚಿಂತೆಯಾಗಿರುತ್ತಿದ್ದರು. ಆಳು ಕುಳ್ಳಿ, ಸಣ್ಣ, ಗಂಟಲು ಮಾತ್ರ ಇಡೀ ರಸೆಲ್ ಮಾರ್ಕೆಟ್ಟಿಗೆ ಕೇಳುವಂಥದು. ಹೊಸಬರು ಅವಳನ್ನು ಒಮ್ಮೆ ನೋಡಿ, ನನ್ನ ಮೀಸೆಯನ್ನು ಒಮ್ಮೆ ನೋಡಿ, ಪ್ರಶ್ನೆಗಳನ್ನೆಲ್ಲ ಮೀಸೆಗೇ ಕೇಳುತ್ತಿದ್ದರು. ಒಬ್ಬ ಮ್ಯಾನೇಜರು, ತಂಪು ಕನ್ನಡಕದವರು, ಅವಳನ್ನೇ "ಊಟದ ಇನ್‌ಚಾರ್ಜ್ ನೀವಾ?" ಎಂದು ಕೇಳಿದ್ದರು. ಅವಳು ಸಿಟ್ಟಾಗಲಿಲ್ಲ. "ಹೌದು ಸಾರ್, ಊಟ ಕೆಳಗಿದೆ. ಹೀಗೇ ಇಳ್ಕೊಂಡು ಹೋಗ್ಬೇಕು" ಎಂದು ಬಂಡೆಯ ಅಂಚನ್ನು ತೋರಿಸಿದಳು. ಆ ಮನುಷ್ಯ ಅಂಚಿಗೆ ಬಂದು, ಕನ್ನಡಕ ತೆಗೆದು, ಅಲ್ಲೇ ಕೂತುಬಿಟ್ಟರು. ಮುಂದಿನದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇ ನಸೀಮಾ ಅವರ ಪಕ್ಕದಲ್ಲಿ ಕೂತು, ಯಾರಿಗೂ ಕೇಳದಷ್ಟು ಮೆತ್ತಗೆ ಏನೇನೋ ಹೇಳಿ, ಅವರ ಮರ್ಯಾದೆಗೆ ಒಂದಿಷ್ಟೂ ಕುಂದು ಬಾರದಂತೆ ಕೆಳಗಿಳಿಸಿದಳು. ಮಾರ್ಕೆಟ್ಟಿನ ಗಂಟಲಿಗೆ ಆ ಮೆತ್ತನೆಯ ಧ್ವನಿ ಎಲ್ಲಿಂದ ಬರುತ್ತಿತ್ತೋ ನನಗೆ ಇಂದಿಗೂ ತಿಳಿಯದು. ನಾನೂ ಮನೆಯ ಕನ್ನಡಿಯ ಮುಂದೆ ಪ್ರಯತ್ನಿಸಿದ್ದೇನೆ. ಅಮ್ಮ ಬಂದು ಹಣೆ ಮುಟ್ಟಿ ನೋಡಿದಳು.

ಇಂಥ ದಿನಗಳಲ್ಲಿ ನನಗೆ ಹೆಣ್ಣು ನೋಡುವ ಯೋಗ ಬಂತು. ಲಿಂಗರಾಜಪುರದ ಪಿಳ್ಳಪ್ಪನವರ ಮಗಳು ಕಲಾ, ನರ್ಸರಿ ಶಾಲೆಯಲ್ಲಿ ಟೀಚರು. ಪಿಳ್ಳಪ್ಪನವರದು ಹಳೆಯ ಒಕ್ಕಲು ಮನೆತನ. ಅವರ ತಂದೆ ಸೊಪ್ಪು ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬೀದಿಗಳೆದ್ದಿದ್ದವು. ಆದರೂ ಮನುಷ್ಯ ಮಾರ್ಕೆಟ್ಟಿಗೆ ಹೋದರೆ ಒಂದೊಂದು ಬದನೆಕಾಯಿಯನ್ನೂ ಒತ್ತಿ ನೋಡಿಯೇ ಚೀಲಕ್ಕೆ ಹಾಕುವವರು. ಅಳಿಯನನ್ನು ಸುಮ್ಮನೆ ಬಿಟ್ಟಾರೆಯೇ? ಕೈಗೆ ಕಾಫಿ ಕೊಟ್ಟು ವಿಚಾರಣೆ ಶುರು ಮಾಡಿದರು.

"ಏನಪ್ಪಾ ಕೆಲ್ಸ?"

"ಜನಗಳನ್ನ ಬಂಡೆಯಿಂದ ಕೆಳಕ್ಕೆ ಇಳಿಸ್ತೀವಿ ಸಾರ್."

"ಅಯ್ಯೋ ಪಾಪ. ಸಿಕ್ಕಾಕ್ಕೊಂಡಿರ್ತಾರಾ?"

"ಇಲ್ಲ ಸಾರ್, ಚೆನ್ನಾಗೇ ಇರ್ತಾರೆ. ನಾವೇ ಹತ್ತಿಸ್ತೀವಿ."

"ಯಾಕೆ?"

"ಇಳಿಸೋಕೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗಿನ ಬಾಗಿಲ ಪರದೆಯ ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ಕಲಾಳದು. ಈ ಹುಡುಗಿಯನ್ನು ಬಿಟ್ಟು ಬೇರೆಯವರನ್ನು ಮದುವೆಯಾಗುವುದಿಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಆದರೆ ತೀರ್ಮಾನ ನನ್ನ ಕೈಯಲ್ಲಿರಲಿಲ್ಲ. "ಹಿಂಗೆ ಬಾಯ್ಮಾತಲ್ಲಿ ಹೇಳಿದ್ರೆ ನಂಗೆ ಗೊತ್ತಾಗಲ್ಲ. ಭಾನುವಾರ ನಾನೇ ಬಂದು ನೋಡ್ತೀನಿ" ಎಂದರು ಪಿಳ್ಳಪ್ಪನವರು.

ಭಾನುವಾರ ನಮ್ಮ ವ್ಯಾನು ಕೆ.ಆರ್. ಪುರ ತಲುಪಿದಾಗ, ಇನ್ನೂ ಕಟ್ಟುತ್ತಿದ್ದ ತೂಗುಸೇತುವೆಯ ಧೂಳಿನ ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಶರಟು, ಕೊಡೆಯೊಂದಿಗೆ ಅವರು ನಿಂತಿದ್ದರು. ಅಂದಿನ ತಂಡ ಯಾವುದೋ ಆಫೀಸಿನವರು. ಪಿಳ್ಳಪ್ಪನವರು ಬಂಡೆಯ ಮೇಲೆ ಕೊಡೆ ಬಿಡಿಸಿಕೊಂಡು ಕೂತು, ಒಬ್ಬೊಬ್ಬರು ಅಂಚಿಗೆ ಬಂದು ಬೆವರುವುದನ್ನು, ಅಳುವುದನ್ನು, ಕೆಳಗಿಳಿದ ಮೇಲೆ ಕೇಕೆ ಹಾಕುವುದನ್ನು ಗಂಭೀರವಾಗಿ ನೋಡುತ್ತಿದ್ದರು. ಮಂಡಿ ನೋವೆಂದು ಬೆಳಗ್ಗೆಯಿಂದ ಕೂತೇ ಇದ್ದ ಅಕೌಂಟ್ಸಿನ ದಪ್ಪನೆಯ ಹೆಂಗಸೊಬ್ಬರು ಕೊನೆಗೆ ಎದ್ದು, ದೇವರ ನಾಮ ಹೇಳುತ್ತಾ ಇಳಿದು, ಕೆಳಗೆ ಮುಟ್ಟಿ, ಮೇಲಕ್ಕೆ ನೋಡಿ ಕೈ ಬೀಸಿದರು. ಪಿಳ್ಳಪ್ಪನವರು ಕೊಡೆ ಮಡಚಿದರು.

"ನಂಗೂ ಕಟ್ಟಪ್ಪಾ" ಎಂದರು.

"ಬೇಡ ಸಾರ್, ಬಿಸ್ಲು" ಎಂದೆ. "ಬಿಸ್ಲು ಅವ್ರಿಗೂ ಇತ್ತಲ್ಲ?" ಎಂದರು. ನಸೀಮಾ ಬ್ಯಾಗಿನಿಂದ ಟ್ರ್ಯಾಕ್ ಪ್ಯಾಂಟ್ ತೆಗೆದುಕೊಟ್ಟಳು. ಅವರು ಅದನ್ನು ಬದನೆಕಾಯಿಯಂತೆ ಒತ್ತಿ ನೋಡಿ ವಾಪಸ್ ಕೊಟ್ಟು, ಪಂಚೆಯನ್ನೇ ಕಚ್ಚೆ ಹಾಕಿ ಬಿಗಿದರು. ಅದರ ಮೇಲೆ ಬೆಲ್ಟು, ತಲೆಗೆ ಹೆಲ್ಮೆಟ್ಟು. ಆ ವಯಸ್ಸಿನಲ್ಲಿ, ಮಗಳ ಮದುವೆಗಾಗಿ ಬಂಡೆಯ ಅಂಚಿಗೆ ಬೆನ್ನು ಹಾಕಿ ನಿಂತ ಆ ಮನುಷ್ಯನನ್ನು ನೋಡಿ ನನಗೆ ನಗುವೂ ಬಂತು, ಕೈ ಮುಗಿಯಬೇಕು ಎಂದೂ ಅನಿಸಿತು. ಕೈಯಲ್ಲಿ ಅವರದೇ ಹಗ್ಗವಿದ್ದುದರಿಂದ ಎರಡನ್ನೂ ಮಾಡಲಿಲ್ಲ.

ಅರ್ಧದವರೆಗೆ ಚೆನ್ನಾಗಿಯೇ ಇಳಿದರು. ಅಲ್ಲಿ ಬಂಡೆ ಸ್ವಲ್ಪ ಒಳಗೆ ಸರಿಯುತ್ತದೆ, ಕಾಲಿಡುವ ಜಾಗ ಕಾಣುವುದಿಲ್ಲ. ಅಲ್ಲಿ ನಿಂತರು. ನಿಂತವರು ಅಲುಗಾಡಲಿಲ್ಲ. ನಾನು ಮೇಲಿನಿಂದ, ಎಂದಿನ ಪಾಠ ಒಪ್ಪಿಸಿದೆ. "ಸಾರ್, ಹಿಂದಕ್ಕೆ ಒರಗಿ. ಕಾಲು ಅಗಲ ಇಡಿ. ಹಗ್ಗ ನಂಬಿ. ನನ್ನ ನಂಬಿ!"

ಕೆಳಗಿನಿಂದ ಉತ್ತರ ಬಂತು: "ಅದೇ ಕಣಪ್ಪಾ. ಅದನ್ನ ನೋಡೋಕೇ ಬಂದಿರೋದು."

ಬುಡದಲ್ಲಿದ್ದ ಆಫೀಸಿನವರು "ಕಮಾನ್ ಅಂಕಲ್, ಕಮಾನ್!" ಎಂದು ಚಪ್ಪಾಳೆ ತಟ್ಟತೊಡಗಿದರು. ಅವರು ತಟ್ಟಿದಷ್ಟೂ ಪಿಳ್ಳಪ್ಪನವರು ಬಂಡೆಗೆ ಅಂಟಿಕೊಂಡರು. ಹುಡುಗಿಯ ಅಪ್ಪನನ್ನು ಹಗ್ಗದಲ್ಲಿ ನೇತುಹಾಕಿಕೊಂಡು ಕೂತ ವರ ನನ್ನ ಹೊರತು ಬೆಂಗಳೂರಿನಲ್ಲಿ ಇನ್ನೊಬ್ಬನಿರಲಾರ. ನಸೀಮಾ ಒಮ್ಮೆ "ಎಲ್ಲಾ ಬಾಯಿ ಮುಚ್ಚಿ!" ಎಂದು ಕೂಗಿದಳು, ಗುಡ್ಡವೇ ಸುಮ್ಮನಾಯಿತು. ತನ್ನ ಹಗ್ಗವನ್ನು ಪಕ್ಕದಲ್ಲಿ ಕಟ್ಟಿಕೊಂಡು, ಗಂಟನ್ನು ಎಳೆದು ನೋಡಿ, ನನ್ನ ಕಡೆ ತಿರುಗಿ, "ಮಂಜು, ನೀನು ಮಾತಾಡ್ಬೇಡ. ಹಿಡ್ಕೊಂಡಿರು ಅಷ್ಟೇ" ಎಂದು ಹೇಳಿ ಅಂಚಿನಾಚೆ ಮರೆಯಾದಳು.

ಆಮೇಲೆ ನನಗೆ ಏನೂ ಕೇಳಿಸಲಿಲ್ಲ. ಅಂಚಿಗೆ ಸ್ವಲ್ಪ ಬಾಗಿದರೆ ಎರಡು ಹೆಲ್ಮೆಟ್ಟುಗಳು ಕಾಣುತ್ತಿದ್ದವು, ಒಂದರ ಪಕ್ಕ ಒಂದು. ಅವು ಒಮ್ಮೆ ಅಲುಗಾಡುತ್ತಿದ್ದವು, ಒಮ್ಮೆ ನನ್ನ ಕಡೆ ತಿರುಗುತ್ತಿದ್ದವು, ಮತ್ತೆ ಹತ್ತಿರವಾಗುತ್ತಿದ್ದವು. ಬಂಡೆ ಕಾದ ಹೆಂಚಾಗಿತ್ತು. ನನ್ನ ಕಾಲು ಜೋಮು ಹಿಡಿದು, ಅದು ನನ್ನದೋ ಬೇರೆಯವರದೋ ಗೊತ್ತಾಗದಂತಾಯಿತು. ಮೂಗಿನ ತುದಿಯಲ್ಲಿ ನೊಣವೊಂದು ಕೂತು ಸಂಸಾರ ಹೂಡಿತು. ಅಲ್ಲಿ ನನ್ನ ಮದುವೆಯ ಮಾತುಕತೆ ನಡೆಯುತ್ತಿದೆ, ನನಗೋ ಒಂದಕ್ಷರ ಕೇಳುತ್ತಿಲ್ಲ, ನೊಣ ಓಡಿಸಲೂ ಕೈ ಬಿಡುವಿಲ್ಲ. ಇದ್ದಕ್ಕಿದ್ದಂತೆ ಪಿಳ್ಳಪ್ಪನವರು ಗಹಗಹಿಸಿ ನಕ್ಕದ್ದು ಕೇಳಿಸಿತು. ಹಿಂದೆಯೇ ಹಗ್ಗ ನನ್ನ ಅಂಗೈಯಲ್ಲಿ ಮೆಲ್ಲಗೆ ಸರಿಯತೊಡಗಿತು. ಇಳಿಯುತ್ತಿದ್ದಾರೆ! ನಾನು ಎಳೆ ಎಳೆಯಾಗಿ ಬಿಟ್ಟುಕೊಟ್ಟೆ. ಬುಡದಲ್ಲಿ ಚಪ್ಪಾಳೆ ಕೇಳಿದ ಮೇಲೆ ಆ ನೊಣವನ್ನು ಓಡಿಸಿದೆ.

ಹಿಂಬದಿಯ ದಾರಿಯಲ್ಲಿ ಕುಂಟುತ್ತ ಓಡಿ ಬಂದೆ. ಪಿಳ್ಳಪ್ಪನವರು ಮರದ ನೆರಳಿನಲ್ಲಿ ಕೂತು, ಅಕೌಂಟ್ಸಿನ ಹೆಂಗಸು ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು. ಇಬ್ಬರೂ ಹಳೆಯ ಯೋಧರಂತೆ ತಮ್ಮ ತಮ್ಮ ಅನುಭವ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡು, "ಕೈ ತೋರ್ಸಪ್ಪಾ" ಎಂದರು. ತೋರಿಸಿದೆ. ಅಂಗೈಯಲ್ಲಿ ಹಗ್ಗದ ಕೆಂಪು ಬರೆಗಳಿದ್ದವು. ಅವರು ಅವುಗಳ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. "ಮುಂದಿನ ವಾರ ಅಮ್ಮನ್ನ ಕರ್ಕೊಂಡು ಮನೆಗ್ ಬಾ" ಎಂದರು.

ವಾಪಸ್ ಬರುವಾಗ, ಅವರನ್ನು ಕೆ.ಆರ್. ಪುರದಲ್ಲಿ ಇಳಿಸಿದ ಮೇಲೆ, ನಾನು ನಸೀಮಾಳ ಪಕ್ಕದ ಸೀಟಿಗೆ ಹಾರಿದೆ. "ಏನು ಹೇಳಿದ್ರಿ? ಬೇಗ ಹೇಳಿ."

"ಏನಿಲ್ಲ. 'ಪಕ್ಕದಲ್ಲಿ ಸ್ವಲ್ಪ ಜಾಗ ಇದ್ಯಾ ಅಂಕಲ್?' ಅಂತ ಕೇಳ್ದೆ. 'ಬಾಮ್ಮಾ' ಅಂದ್ರು. ಭಯ ಆಗ್ತಿದ್ಯಾ ಅಂದ್ರೆ, 'ಇಲ್ಲ, ಕಾಲು ಮಾತ್ರ ನನ್ ಮಾತು ಕೇಳ್ತಿಲ್ಲ' ಅಂದ್ರು. ಅದನ್ನೇ ಭಯ ಅನ್ನೋದು, ನಂಗೂ ಈಗ್ಲೂ ಆಗುತ್ತೆ ಅಂದೆ. ನಂಬ್ಲಿಲ್ಲ. ಭಯ ಹೋದ ದಿನ ನಾನು ಈ ಕೆಲಸ ಬಿಡ್ತೀನಿ ಅಂಕಲ್, ಭಯ ಇಲ್ದೋರು ಗಂಟು ನೋಡಲ್ಲ ಅಂದೆ. ಆಮೇಲೆ ಅವಸರ ಏನಿಲ್ಲ, ಗಾಳಿ ಚೆನ್ನಾಗಿದೆ, ಕೂತ್ಕೊಳ್ಳಣ ಅಂತ ಬೆಲ್ಟಲ್ಲೇ ನೇತಾಡ್ಕೊಂಡು ಕೂತ್ವಿ."

ಇಷ್ಟು ವರ್ಷ ಅವಳು ಆ ಮೆತ್ತನೆಯ ಧ್ವನಿಯಲ್ಲಿ ಏನು ಮಂತ್ರ ಹೇಳುತ್ತಾಳೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಮಂತ್ರವೇನೂ ಇರಲಿಲ್ಲ. ಧೈರ್ಯವಾಗಿರಿ ಎಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಹೆದರಿದವರು ನೇತಾಡುತ್ತಿರುವ ಕಡೆಗೆ ತಾನೂ ಹೋಗಿ, ಅವರಿಗೆ ಇಳಿಯಬೇಕು ಅನಿಸುವ ತನಕ ಜೊತೆಗೆ ಕೂತಿರುತ್ತಿದ್ದಳು. ಅಷ್ಟನ್ನು ಮಾಡಲು ಎಂಥ ಗಟ್ಟಿ ಮನಸ್ಸು ಬೇಕೆಂದು ನಾನು ಆ ವ್ಯಾನಿನಲ್ಲಿ ಕೂತು ಯೋಚಿಸಿದೆ. ಆದರೆ ಹೆಚ್ಚು ಹೊತ್ತು ಯೋಚಿಸಲಾಗಲಿಲ್ಲ. ಸ್ವಂತ ಚಿಂತೆ ದೊಡ್ಡದಿತ್ತು.

"ನನ್ ವಿಷಯ?" ಎಂದೆ.

"ಕೇಳಿದ್ರು. 'ಮೇಲೆ ಹಿಡ್ಕೊಂಡಿದಾನಲ್ಲ, ಹುಡುಗ ಹೆಂಗೆ?' ಅಂತ. ಮೇಲೆ ನೇತಾಡ್ಕೊಂಡು ಸುಳ್ಳು ಹೇಳೋಕಾಗುತ್ತಾ? ಇದ್ದಿದ್ದು ಹೇಳ್ದೆ. ಅವನಿಗೆ ಮಾತಾಡೋಕ್ ಬರಲ್ಲ ಅಂಕಲ್, ದಾರಿ ನೆನಪಿರಲ್ಲ, ಒಂದ್ ವಸ್ತು ಇಟ್ಟ ಕಡೆ ಸಿಗಲ್ಲ, ಹಾಡಿದ್ರೆ ವ್ಯಾನಿಂದ ಜನ ಇಳಿದುಹೋಗ್ತಾರೆ. ಆದ್ರೆ ಹಗ್ಗ ಮಾತ್ರ, ಪ್ರಾಣ ಹೋದ್ರೂ ಬಿಡಲ್ಲ. ಅಷ್ಟು ಕೇಳಿದ್ದೇ ತಡ, ನಗಾಡ್ತಾ ಇಳಿಯೋಕೆ ಶುರು ಮಾಡಿದ್ರು."

ಮದುವೆ ಚೆನ್ನಾಗಿಯೇ ಆಯಿತು. ಮಾವನವರು ನೆಂಟರಿಗೆಲ್ಲ ನಸೀಮಾಳನ್ನು "ನನ್ ಜೊತೆ ಬಂಡೆ ಮೇಲೆ ಕೂತಿದ್ ಮಗು" ಎಂದು ಪರಿಚಯಿಸಿ, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದರು. ತೊಂದರೆಯಾದದ್ದು ನನಗೊಬ್ಬನಿಗೆ. ಬೇರೆ ಗಂಡಂದಿರ ದೋಷಗಳು ಹೆಂಡತಿಗೆ ಮೆಲ್ಲಮೆಲ್ಲನೆ ತಿಳಿಯುತ್ತವೆ, ಅಷ್ಟರಲ್ಲಿ ಒಂದಿಷ್ಟು ದಿನ ದೊಡ್ಡ ಮನುಷ್ಯನಂತೆ ಓಡಾಡಬಹುದು. ಪಿಳ್ಳಪ್ಪನವರು ಬಂಡೆಯ ಮೇಲೆ ಕೇಳಿದ್ದನ್ನು ಒಂದಕ್ಷರವೂ ಬಿಡದೆ ಅಂದೇ ಮಗಳಿಗೆ ಒಪ್ಪಿಸಿದ್ದರು. ಹೊಸತರಲ್ಲಿ ಒಂದು ಸಂಜೆ ನಾನು ಉಲ್ಲಾಸದಿಂದ ಗಂಟಲು ಸರಿಮಾಡಿಕೊಂಡೆನಷ್ಟೆ, ಕಲಾ ನಗುತ್ತ, "ಹಾಡ್ಬೇಡಿ, ನಂಗೆ ಗೊತ್ತು" ಎಂದಳು. ಬೀಗದ ಕೈ ಕಾಣದಿದ್ದರೂ ಅವಳಿಗೆ ಆಶ್ಚರ್ಯವಿಲ್ಲ, ಸಿನಿಮಾಕ್ಕೆ ಹೊರಟವರು ದಾರಿ ತಪ್ಪಿ ಬೇರೆಲ್ಲೋ ಸೇರಿದರೂ ಆಶ್ಚರ್ಯವಿಲ್ಲ. ದೋಷಗಳಿಗೆಲ್ಲ ಮನೆಯಲ್ಲಿ ದಿನಬೆಳಗಾದರೆ ಅವಕಾಶ ಸಿಗುತ್ತದೆ. ನನಗಿರುವ ಒಂದೇ ಒಂದು ಗುಣವನ್ನು ತೋರಿಸೋಣವೆಂದರೆ, ಬಾಡಿಗೆ ಮನೆಯ ನಡುಮನೆಗೆ ಬಂಡೆಯನ್ನು ಎಲ್ಲಿಂದ ತರಲಿ?