ನಮ್ಮತ್ತೆ ಇನ್ನೂ ಹೈಸ್ಕೂಲಿನಲ್ಲಿದ್ದಾರೆ

ನಮ್ಮತ್ತೆಗೆ ಎಪ್ಪತ್ತು ದಾಟಿದೆ, ಇನ್ನೂ ಹೈಸ್ಕೂಲು ಬಿಟ್ಟಿಲ್ಲ. ಫೇಲಾಗಿದ್ದಾರೆ ಅಂದುಕೊಳ್ಳಬೇಡಿ! ಎಂದೋ ಪಾಸು ಮಾಡಿ, ಮದುವೆಯಾಗಿ, ಮಗನನ್ನು ಹೆತ್ತು, ನನ್ನಂಥ ಸೊಸೆಯನ್ನೂ ತಂದುಕೊಂಡು ಅನುಭವಿಸುತ್ತಿದ್ದಾರೆ. ಆದರೆ ಜಯನಗರದ ನಮ್ಮ ಮನೆಯ ಹಿತ್ತಲ ಗೋಡೆಯಾಚೆಗೇ ಅವರು ಓದಿದ ಸರ್ಕಾರಿ ಹೈಸ್ಕೂಲಿದೆ. ಅಲ್ಲಿ ಬೆಲ್ ಹೊಡೆದರೆ ಇಲ್ಲಿ ನಮ್ಮತ್ತೆ ಏಳುತ್ತಾರೆ. ಅವರು ಎದ್ದರೆ ನಾವೂ ಏಳಬೇಕು.

ಮನೆಯಲ್ಲಿ ಗಡಿಯಾರವಿಲ್ಲವೆಂದಲ್ಲ, ಅದನ್ನು ಯಾರೂ ನೋಡುವುದಿಲ್ಲ ಅಷ್ಟೆ. ಮೊದಲನೇ ಪೀರಿಯಡ್ಡಿಗೆ ತರಕಾರಿ ಹೆಚ್ಚುವುದು, ಎರಡನೆಯದಕ್ಕೆ ಬಟ್ಟೆ, ಶಾರ್ಟ್ ಬೆಲ್ಲಿಗೆ ಕಾಫಿ. ಸಂಜೆ ಲಾಂಗ್ ಬೆಲ್ ಆದರೆ ಅರ್ಧ ಗುಡಿಸಿದ ನಡುಮನೆಯನ್ನೂ ಹಾಗೇ ಬಿಟ್ಟು ಹೊರಗೆ ಬಂದು ಕೂರಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ‘ಇದೆಂಥ ಜೈಲಪ್ಪಾ’ ಅಂದುಕೊಂಡಿದ್ದೆ. ದಸರೆ ಬಂದಾಗ ಅತ್ತೆ, “ಸ್ಕೂಲಿಗೆ ರಜ ಕಣೇ, ಇವತ್ತೇನು ಸಾರು ಪಲ್ಯ? ಮೊಸರನ್ನ ಕಲಸಿಬಿಡು, ಸಾಕು” ಅಂದರು. ಬೇಸಿಗೆ ರಜೆಯಲ್ಲೂ ಹಾಗೇ! ಅಂದಿನಿಂದ ನಾನು ಸರ್ಕಾರಿ ಶಾಲೆಗಳ ಪರವಾಗಿದ್ದೇನೆ.

ಎಲ್ಲಕ್ಕಿಂತ ಕಷ್ಟದ್ದು ಬೆಳಗಿನ ಪ್ರಾರ್ಥನೆ. ಮಕ್ಕಳು ಅಲ್ಲಿ ಹಾಡಲು ಶುರು ಮಾಡಿದರೆ ನಾವಿಲ್ಲಿ ಎದ್ದು ಕೈಮುಗಿದು ನಿಲ್ಲಬೇಕು. ಬಾಯಲ್ಲಿ ದೋಸೆ ಇದ್ದರೆ ಅದನ್ನು ಅಗಿಯುವಂತಿಲ್ಲ. ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ನನ್ನ ಗಂಡ ಒಮ್ಮೆ ಮೀಟಿಂಗಿನ ನಡುವೆ ಹೀಗೆ ಎದ್ದು ನಿಂತರು. ಕ್ಯಾಮೆರಾದ ಮುಂದೆ ಮುಖ ಹೋಗಿ ಹೊಟ್ಟೆ ಬಂತು. ಅವರ ಮ್ಯಾನೇಜರ್ ಗಾಬರಿಯಾಗಿ ಏನಾಯಿತೆಂದು ವಿಚಾರಿಸಿದರಂತೆ. ಇವರು ಇದ್ದದ್ದನ್ನು ಹೇಳಿದರು. ಈಗ ಆ ಟೀಮಿನಲ್ಲಿ ಆ ಹೊತ್ತಿಗೆ ಯಾರೂ ಮೀಟಿಂಗ್ ಇಡುವುದಿಲ್ಲ, ಹೈದರಾಬಾದಿನಲ್ಲಿರುವ ಹುಡುಗಿಯೊಬ್ಬಳು ತಾನೂ ಎದ್ದು ನಿಲ್ಲುತ್ತಾಳಂತೆ!

ಇನ್ನೊಂದು ದಿನ ಅಡುಗೆಮನೆಯ ಸಿಂಕಿನ ಕೆಳಗೆ ಪ್ಲಂಬರ್ ಮಲಗಿದ್ದ. ಅದೇ ಹೊತ್ತಿಗೆ ಪ್ರಾರ್ಥನೆ ಶುರುವಾಯಿತು.

“ಎದ್ದೇಳಪ್ಪಾ.”

“ಅಮ್ಮಾ, ಪೈಪ್ ಬಿಟ್ರೆ ನೀರು ಬರುತ್ತೆ!”

“ಬರ್ಲಿ. ಮೊದ್ಲು ಪ್ರಾರ್ಥನೆ ಮುಗೀಲಿ.”

ಆತ ಎದ್ದ. ನೀರು ಬಂತು. ನಾವು ಮೂವರೂ ಕೈಮುಗಿದು, ಭಕ್ತಿಯಿಂದ, ಪಾದ ಮುಳುಗಿಸಿಕೊಂಡು ನಿಂತೆವು.

ಮನೆಗೆ ಯಾರೇ ಬರಲಿ, ಕಾಫಿಯ ಜೊತೆ ಶಾಲೆಯ ಚರಿತ್ರೆಯನ್ನೂ ಕುಡಿದೇ ಹೋಗಬೇಕು. ಆಗ ಅಲ್ಲಿದ್ದದ್ದು ಶೀಟು ಹೊದಿಸಿದ ಎರಡೇ ಕೋಣೆ. ಎಂಟನೇ ಕ್ಲಾಸೂ ಒಂಬತ್ತನೇ ಕ್ಲಾಸೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದವಂತೆ. ನಮ್ಮತ್ತೆ ಎಂಟನೇ ಕ್ಲಾಸಿನಲ್ಲಿದ್ದಾಗ ಒಂಬತ್ತರ ಬೀಜಗಣಿತವನ್ನೆಲ್ಲ ಕೇಳಿ ಕೇಳಿ ಕಲಿತರು, ಒಂಬತ್ತಕ್ಕೆ ಬಂದಾಗ ಬೆನ್ನ ಹಿಂದಿನ ಎಂಟನೇ ಕ್ಲಾಸಿನ ಕಥೆ ಪಾಠ ಕೇಳುತ್ತಾ ಎಲ್ಲವನ್ನೂ ಮರೆತರು. ಪ್ರಾರ್ಥನೆಗೆ ಗಿಡ್ಡ ಇದ್ದವರು ಸಾಲಿನ ಮುಂದೆ, ಉದ್ದ ಇದ್ದವರು ಹಿಂದೆ. ನಮ್ಮತ್ತೆ ತೆಂಗಿನ ಮರದಂತೆ ಬೆಳೆದಿದ್ದರಿಂದ ಸದಾ ಕಟ್ಟಕಡೆಗೆ, ಉರಿಬಿಸಿಲಿನಲ್ಲಿ. ತಡೆಯಲಾರದೆ ಗೆಳತಿಯರನ್ನು ಸೇರಿಸಿಕೊಂಡು ಸಾಲು ಮುಗಿಯುವ ಜಾಗದಲ್ಲಿ ಒಂದು ಹೊಂಗೆ ಸಸಿ ನೆಟ್ಟರು. ದಿನಾ ಊಟವಾದ ಮೇಲೆ ಟಿಫನ್ ಡಬ್ಬಿಯಲ್ಲಿ ನೀರು ತಂದು ಹಾಕಿದರು.

“ನೆರಳು ಸಿಕ್ತಾ ಅತ್ತೆ?” ಎಂದು ಕೇಳಿದ್ದೆ.

“ಎಲ್ಲಿಂದ ಸಿಗತ್ತೆ? ಅದು ನನ್ನ ಮೊಣಕಾಲಿಗೆ ಬರೋಷ್ಟರಲ್ಲಿ ನಾನು ಪಾಸಾಗಿಬಿಟ್ಟೆ!”

ಹೋದ ಮಾರ್ಚಿನಲ್ಲಿ ಶಾಲೆಯ ಹೆಡ್‌ಮೇಡಂ ಮನೆಗೆ ಬಂದರು. ಅತ್ತೆ ಕೊಟ್ಟ ಕೋಡುಬಳೆಯನ್ನು ಮುರಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. “ಅಮ್ಮಾ, ಎಂಟನೇ ಕ್ಲಾಸಿಗೆ ಮಕ್ಕಳೇ ಬರ್ತಿಲ್ಲ. ಜೂನ್‌ನಲ್ಲೂ ಹಿಂಗೇ ಆದ್ರೆ ನಮ್ಮನ್ನ ಬೇರೆ ಸ್ಕೂಲಿಗೆ ಸೇರಿಸಿಬಿಡ್ತಾರೆ. ಇಲ್ಲಿಗೆ ಬೀಗ.”

“ಎಷ್ಟು ಮಕ್ಕಳು ಬೇಕು?” ಎಂದರು ನಮ್ಮತ್ತೆ, ಮದುವೆಮನೆಗೆ ಎಷ್ಟು ಲಾಡು ಬೇಕು ಎಂದು ಕೇಳುವ ಧಾಟಿಯಲ್ಲಿ.

“ಈಗ ಸಾಲು ಧ್ವಜದ ಕಂಬದ ಹತ್ರಾನೇ ಮುಗಿದುಹೋಗುತ್ತೆ. ಮೊದಲಿನ ಹಾಗೆ ಹೊಂಗೆ ಮರ ಮುಟ್ಟಿದ್ರೆ ಯಾರೂ ನಮ್ಮ ತಂಟೆಗೆ ಬರಲ್ಲ.”

ಮುಗಿಯಿತಲ್ಲ! ಮರುದಿನದಿಂದಲೇ ನಮ್ಮತ್ತೆ ಮಕ್ಕಳನ್ನು ಹಿಡಿಯಲು ಹೊರಟರು. ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮಾಡುವವರು ಅವರನ್ನು ಕಂಡರೆ ದಿಕ್ಕು ಬದಲಿಸತೊಡಗಿದರು. ಹತ್ತಿದ ಆಟೋದ ಡ್ರೈವರಿಗೆ, ಸೊಪ್ಪು ಮಾರುವವಳಿಗೆ, ಎಲ್ಲರಿಗೂ ಒಂದೇ ಪ್ರಶ್ನೆ: “ನಿಮ್ಮ ಮಗು ಎಷ್ಟನೇ ಕ್ಲಾಸು?” ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಬಳೆ ನೋಡುತ್ತಿದ್ದ ಪುಟ್ಟ ಆಕಾರದ ಹುಡುಗಿಯೊಬ್ಬಳ ಗಲ್ಲ ಹಿಡಿದು, “ಏಳನೇ ಕ್ಲಾಸು ಮುಗೀತಾ ಪುಟ್ಟಾ?” ಎಂದರು.

“ಆಂಟಿ, ನಾನು ಡೆಂಟಿಸ್ಟು!”

ನಾನಾಗಿದ್ದರೆ ಬಳೆಯಂಗಡಿಯ ನೆಲದೊಳಗೇ ಇಳಿದುಹೋಗುತ್ತಿದ್ದೆ. ನಮ್ಮತ್ತೆ ಕೈ ಬಿಡಲಿಲ್ಲ. “ಹೌದಾ? ಒಳ್ಳೇದಾಯ್ತು. ನಿನಗೆ ತಂಗಿ ಇದ್ದಾಳಾ?”

ಪಕ್ಕದ ರಸ್ತೆಯಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ವಾಚ್‌ಮನ್ ಕುಟುಂಬ ರಾಯಚೂರು ಕಡೆಯದು. ಅವರ ಮಗಳು ಹುಲಿಗೆಮ್ಮ ಏಳು ಮುಗಿಸಿ ಮನೆಯಲ್ಲಿ ಎಳೆಯ ತಂಗಿಯನ್ನು ಎತ್ತಿಕೊಂಡು ಕೂತಿದ್ದಳು. ಉದ್ದನೆಯ ಹುಡುಗಿ. ಅವಳನ್ನು ಕಂಡದ್ದೇ ಅತ್ತೆಯ ಕಣ್ಣು ಅರಳಿತು. “ನೋಡೇ, ಸಾಲಿನ ಕೊನೆಗೆ ಹೇಳಿ ಮಾಡಿಸಿದ ಹಾಗಿದ್ದಾಳೆ!”

“ಈಕಿ ಸಾಲಿ ಕಲಿಯಾಕ ಹೋದ್ರ ಸಣ್ಣಾಕಿನ್ನ ಯಾರ್ ನೋಡ್ಬೇಕ್ರೀ?” ಎಂದಳು ತಾಯಿ.

“ಲಾಂಗ್ ಬೆಲ್‌ವರೆಗೂ ನಮ್ಮನೇಲಿರ್ಲಿ. ನಾವು ನೋಡ್ಕೋತೀವಿ.”

ನಾವು ಎಂದರೆ ಯಾರು? ನಾನೇ ತಾನೇ! ದಾರಿಯಲ್ಲಿ ಸಿಟ್ಟು ಬಂತು. ಮಂಡಿ ನೋವಿಗೆ ಡಾಕ್ಟರು ಓಡಾಡಬೇಡಿ ಎಂದಿದ್ದಾರೆ, ಇವರು ಬಿಸಿಲಿನಲ್ಲಿ ಊರು ಸುತ್ತುತ್ತಿದ್ದಾರೆ. “ಒಂದು ಸ್ಕೂಲಿಗೋಸ್ಕರ ಯಾಕತ್ತೆ ಇಷ್ಟೊಂದು ಒದ್ದಾಡ್ತೀರಾ?” ಎಂದುಬಿಟ್ಟೆ.

ಅವರು ಒಂದು ಗೇಟಿನ ಕಂಬಿ ಹಿಡಿದು ನಿಂತರು. “ನಿಮ್ಮ ಮಾವ ಹೋದಾಗ ನೀನಿನ್ನೂ ಬಂದಿರಲಿಲ್ಲ. ಹಾಸಿಗೆ ಬಿಟ್ಟು ಏಳಬೇಕು ಅಂತಾನೇ ಅನ್ನಿಸ್ತಿರಲಿಲ್ಲ ಕಣೇ. ಯಾರು ಎಬ್ಬಿಸಿದ್ರೂ ಏಳ್ತಿರಲಿಲ್ಲ. ಒಂದು ದಿನ ಬೆಲ್ ಹೊಡೀತು, ಮಕ್ಕಳು ಹಾಡಿದ್ರು. ಎದ್ದೆ.”

ನಾನು ಅವರ ಕೈಯಿಂದ ಚೀಲ ತೆಗೆದುಕೊಂಡೆ. ಆಮೇಲಿನ ರಸ್ತೆಗಳಲ್ಲಿ ಬಾಗಿಲು ತಟ್ಟಿದವಳು ನಾನು.

ಶಾಲೆ ಶುರುವಾದ ದಿನ ಹುಲಿಗೆಮ್ಮ ತಂಗಿಯನ್ನು ನಮ್ಮಲ್ಲಿ ಬಿಟ್ಟು ಓಡಿದಳು. ಅತ್ತೆ ಆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತರು. “ನೀನೇ ನೋಡು. ನನಗೆ ಧೈರ್ಯ ಇಲ್ಲ.”

ನಾನು ಒಗೆಯುವ ಕಲ್ಲು ಹತ್ತಿ ಗೋಡೆಯಾಚೆ ಬಗ್ಗಿದೆ. ಬೆಲ್ ಹೊಡೆಯಿತು. ಮಕ್ಕಳು ಓಡಿ ಬಂದರು.

“ಎಂಟನೇ ಕ್ಲಾಸಿನ ಸಾಲು ಎಲ್ಲಿಗೆ ಬಂತೇ?”

“ಧ್ವಜದ ಕಂಬ.”

“ಅದು ಗೊತ್ತು, ಮುಂದೆ ಹೇಳು!”

“ಕಂಬ ದಾಟ್ತು. ನಲ್ಲಿ ಹತ್ರ ಬಂತು. ಇರಿ, ಇನ್ನೂ ಬರ್ತಿದ್ದಾರೆ.”

“ಮರ?”

“ಕಟ್ಟಕಡೆಗೆ ಹುಲಿಗೆಮ್ಮ ನಿಂತಿದ್ದಾಳೆ. ಅವಳ ತಲೆ ಮೇಲೆ ಬಿಸಿಲಿಲ್ಲ ಅತ್ತೆ.”

ಗೋಡೆಯಾಚೆ ಪ್ರಾರ್ಥನೆ ಶುರುವಾಯಿತು. ತಿರುಗಿ ನೋಡಿದರೆ, ಪ್ಲಂಬರನ್ನೂ ಎಬ್ಬಿಸಿ ನಿಲ್ಲಿಸಿದ್ದ ನಮ್ಮತ್ತೆ ಕೂತೇ ಇದ್ದರು, ಕೂಸಿನ ತಲೆಗೆ ಮುಖ ಒತ್ತಿಕೊಂಡು ಅಳುತ್ತಿದ್ದರು. ನಾನು ಕಲ್ಲಿನಿಂದ ಇಳಿದು, ಕೂಸನ್ನು ಕಂಕುಳಿಗೆ ಎತ್ತಿಕೊಂಡು, ಇನ್ನೊಂದು ಕೈ ಚಾಚಿದೆ.

“ಅತ್ತೆ, ಮಕ್ಕಳು ಹಾಡ್ತಿದ್ದಾರೆ.”

ನನ್ನ ಕೈ ಹಿಡಿದು, ಎದ್ದರು.