ಒಂದು ದಿನದ ಚಾರ್ಜು

ಕಚೇರಿಯ ನಿಯಮಗಳನ್ನು ಊಟದ ಹೊತ್ತಿನಲ್ಲಿ ಹೆಂಡತಿಗೆ ವಿವರಿಸಬಾರದು. ವಿವರಿಸಿದರೂ ಪೂರ್ತಿ ವಿವರಿಸಬಾರದು. ನಾನು ಪೂರ್ತಿ ವಿವರಿಸಿದೆ. ಅದರ ಫಲವನ್ನು ಈಗ ಪ್ರತಿ ಸಂಜೆ ನನ್ನ ಮೀನಖಂಡಗಳು ಅನುಭವಿಸುತ್ತಿವೆ.

ನಾನು ಪುರಸಭೆಯಲ್ಲಿ ಕೋರ್ಟು ವ್ಯವಹಾರ ನೋಡಿಕೊಳ್ಳುವ ಗುಮಾಸ್ತ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗ (ಎರಡನೆಯವನು ಇನ್ನೂ ಹುಟ್ಟಿಲ್ಲ). ಅಪ್ಪ ಓದಲಾರದೆ ಹೆಬ್ಬೆಟ್ಟು ಒತ್ತುವುದನ್ನು ನೋಡುತ್ತ ಬೆಳೆದವನಾದ್ದರಿಂದ, ಅಚ್ಚಾದ ನಿಯಮ ಎಂದರೆ ನನಗೆ ಭಯಭಕ್ತಿ. ಪುರಸಭೆಯ ಮೇಲೆ ಯಾರಾದರೂ ಕೇಸು ಹಾಕಿದರೆ ಕೋರ್ಟಿನ ಸಮನ್ಸು ಮುಖ್ಯಾಧಿಕಾರಿಯ ಕೈಗೇ ಸೇರಬೇಕು. ಅವರಿಲ್ಲದಿದ್ದರೆ ಚಾರ್ಜಿನಲ್ಲಿರುವವರ ಕೈಗೆ. ಕಾವಲುಗಾರನಿಗೆ ಕೊಟ್ಟರೆ, ಮೇಜಿನ ಮೇಲಿಟ್ಟರೆ, ಬಾಗಿಲ ಸಂದಿಯಲ್ಲಿ ತೂರಿಸಿದರೆ ಅದು ಸೇರಿದ ಹಾಗಲ್ಲ. ಆದ್ದರಿಂದಲೇ ಸಮನ್ಸು ತರುವ ಕೋರ್ಟಿನ ಅಮೀನರು ಗೇಟಿನಲ್ಲಿ ಕಂಡೊಡನೆ ನಮ್ಮ ಸಾಹೇಬರು ಹಿಂಬಾಗಿಲಿನಿಂದ ತಪಾಸಣೆಗೆ ಹೊರಟುಬಿಡುತ್ತಾರೆ. ಏನನ್ನು ತಪಾಸಣೆ ಮಾಡುತ್ತಾರೆಂದು ಯಾರೂ ಕೇಳುವುದಿಲ್ಲ. ಎಷ್ಟೋ ಕೇಸುಗಳು ನಮ್ಮ ಮೆಟ್ಟಿಲ ಮೇಲೇ ಪ್ರಾಣ ಬಿಟ್ಟಿವೆ.

ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಕೊಳವೆ ಕೆಲಸಕ್ಕೆಂದು ನಮ್ಮ ಬಾಗಿಲ ಮುಂದಿನ ಚರಂಡಿಯ ಚಪ್ಪಡಿ ಎತ್ತಿದ ಪುರಸಭೆ ಅದನ್ನು ಮತ್ತೆ ಮುಚ್ಚಲಿಲ್ಲ. ಒಂದು ಸಂಜೆ, ಹೊಲಿದ ಬಟ್ಟೆ ಕೊಟ್ಟು ಬರಲು ಹೊರಟವಳ ಬಲಗಾಲು ಅದರೊಳಗೆ ಹೋಯಿತು. ಮೂಳೆ ಕೂಡಿತು, ಆದರೆ ಕಾಲಿಗೆ ಮೊದಲಿನ ಬಲ ಬರಲಿಲ್ಲ. ಮಷಿನ್ನಿನ ಪೆಡಲ್ ತುಳಿಯುತ್ತಿದ್ದುದು ಆ ಕಾಲೇ. ಮಷಿನ್ನಿಗೆ ಹಳೆಯ ಬೆಡ್‌ಶೀಟು ಹೊದಿಸಿಟ್ಟಳು. ಅದರ ಸದ್ದು ನಿಂತ ಮೇಲೆ ಮನೆ ಸೂತಕದ ಮನೆಯಂತಾಯಿತು. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಉಳಿದವರು ಒಬ್ಬರು ವಕೀಲೆ. ಅವರ ಕರಿ ಕೋಟಿನ ತೋಳನ್ನು ಇವಳು ಕೈಯಲ್ಲೇ ಹೊಲಿದುಕೊಡುತ್ತಿದ್ದಳು.

ಆಗಲೇ ಊಟದ ಹೊತ್ತಿನ ಆ ಮಾತು ಬಂದದ್ದು. ಪುರಸಭೆಯ ಮೇಲೆ ಕೇಸು ಹಾಕಿದರೆ ಹೇಗೆ ಎಂದಳು. ನಾನು ಕರುಣೆಯಿಂದ ನಕ್ಕು, ಸಮನ್ಸಿನ ನಿಯಮವನ್ನು ಉಪನಿಯಮಗಳ ಸಮೇತ ಬಡಿಸಿದೆ.

"ನಿನ್ನ ಕೇಸು ನಮ್ಮ ಗೇಟನ್ನೂ ದಾಟಲ್ಲ ಕಣೇ. ಸುಮ್ಮನೆ ಯಾಕೆ?"

"ಅದಿರಲಿ. ಸಾಹೇಬರು ರಜೆ ಹಾಕಿದರೆ ಚಾರ್ಜು ಯಾರಿಗೆ?"

"ಯಾರ ಹೆಸರಿಗೆ ಆದೇಶ ಆಗುತ್ತೋ ಅವರಿಗೆ."

ಅವಳು ತಲೆಯಾಡಿಸಿ ಮಜ್ಜಿಗೆ ಬಡಿಸಿದಳು. ನಾನು ಗೆದ್ದೆನೆಂದುಕೊಂಡೆ.

ಕೆಲವು ವಾರಗಳ ನಂತರ ಸಾಹೇಬರು ನನ್ನನ್ನು ಕರೆದು, ತಮಗೆ ಸೊಂಟನೋವೆಂದೂ, ಮರುದಿನ ಚಾರ್ಜು ನನ್ನದೆಂದೂ ಹೇಳಿದರು. ನನಗಿಂತ ಹಿರಿಯರಿಗೆಲ್ಲ ಅದೇ ದಿನ ಒಂದೊಂದು ಕಾಯಿಲೆ ಬಂದಿತ್ತು. (ಸಮನ್ಸು ಬರುವ ಸುದ್ದಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು.) ನನಗೆ ಬಂದದ್ದು ಹೆಮ್ಮೆ ಮಾತ್ರ. ಮನೆಯಲ್ಲಿ ಹೇಳಿದೆ. ಹೆಂಡತಿ ಗೋಡೆಗೆ ಒರಗಿ ಒಂಟಿಕಾಲಲ್ಲಿ ನಿಂತು ನನ್ನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. (ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಡಿಗ್ರಿಯಲ್ಲಿ ಆ ಪಾಠ ಇರಲಿಲ್ಲ.)

ಮರುದಿನ ಸಾಹೇಬರ ಸಿಂಹಾಸನವನ್ನು ಅಲಂಕರಿಸಿ ಊರಿಗೆ ಫೋನ್ ಮಾಡಿದೆ. ಅಪ್ಪ, ಕುರ್ಚಿಗೆ ಕೈ ಇದೆಯೇನೋ ಎಂದು ಕೇಳಿದರು. ಇದೆ ಎಂದೆ. ಫೋನ್ ಇಡುವಷ್ಟರಲ್ಲಿ ಅಮೀನರು ಒಳಗೆ ಬಂದರು. ಅವರ ಹಿಂದೆ, ಕೋಲೂರಿಕೊಂಡು, ನನ್ನ ಹೆಂಡತಿ. ಅವಳ ಹಿಂದೆ ಕರಿ ಕೋಟು. ಹಿಂಬಾಗಿಲಿನತ್ತ ನೋಡಿದೆ. ಬೀಗ ಹಾಕಿತ್ತು, ಕೀಲಿ ಸಾಹೇಬರ ಸೊಂಟದ ಜೊತೆ ಮನೆಗೆ ಹೋಗಿತ್ತು.

ಅಮೀನರು ಚಾರ್ಜಿನಲ್ಲಿರುವವರು ಯಾರೆಂದು ಕೇಳಿದರು.

"ಇವರೇ," ಎಂದಳು ಅವಳು. "ನಾನೇ ಇಸ್ತ್ರಿ ಹಾಕಿ ಕಳಿಸಿದ್ದು."

ನಾನು ಸಹಿ ಮಾಡಿದೆ.

ಸೊಂಟ ಸರಿಹೋದ ಸಾಹೇಬರು, ಸಮನ್ಸು ತಗೊಂಡವನೇ ಉತ್ತರ ಬರೆಯಲಿ, ಕೇಸು ಸೋತರೆ ಮನೆ ದಾರಿ ಹಿಡಿಯಲಿ ಎಂದರು. ಸಂಬಳ ನಂಬಿದ ಮನೆ. ಹೊಲಿಗೆಯ ಆದಾಯವೂ ನಿಂತಿತ್ತು. ನಾನು ಪುಸ್ತಕವೆಲ್ಲ ಜಾಲಾಡಿ, ಒಂದು ಹಾನಿಗೆ ಹಲವರು ಕಾರಣರಾದರೆ ಹೊಣೆಯನ್ನು ಅವರವರ ತಪ್ಪಿನಷ್ಟು ಹಂಚಬೇಕೆಂಬ ನಿಯಮವನ್ನು ಕಂಡುಹಿಡಿದೆ. ಶ್ರದ್ಧೆಯಿಂದ ಬರೆದೆ: "ಸದರಿ ಮನೆಯ ಯಜಮಾನನು ಆ ಗುಂಡಿಯನ್ನು ಬೆಳಗೂ ಸಂಜೆಯೂ ದಾಟಿಕೊಂಡೇ ಓಡಾಡಿದ್ದು, ಅಲ್ಲೊಂದು ಹಲಗೆಯನ್ನಾಗಲಿ ಕನಿಷ್ಠ ಒಂದು ಕಡ್ಡಿಯನ್ನಾಗಲಿ ಇಟ್ಟಿರುವುದಿಲ್ಲ." ಬರೆಯುವಾಗ ಆ ಯಜಮಾನನ ಮೇಲೆ ನನಗೇ ಸಿಟ್ಟು ಬಂತು. ಎಂಥ ಮನುಷ್ಯ ಅವನು ಅನ್ನಿಸಿತು.

ನ್ಯಾಯಾಧೀಶರಿಗೂ ಹಾಗೇ ಅನ್ನಿಸಿತು. ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ಹೊಣೆಯಲ್ಲಿ ಅರ್ಧ ಪುರಸಭೆಗೆ, ಅರ್ಧ ಯಜಮಾನನಿಗೆ ಎಂದು ತೀರ್ಪು ಕೊಟ್ಟರು. ಸಾಹೇಬರು ನನ್ನ ಕೈ ಕುಲುಕಿ, ತಮ್ಮ ಅರ್ಧಕ್ಕೆ ಮೇಲ್ಮನವಿ ಹಾಕಿಸಿದರು. ನನ್ನ ಅರ್ಧಕ್ಕೆ ಮೇಲ್ಮನವಿ ಹಾಕುವವರು ಯಾರೂ ಇರಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಮಷಿನ್ನಿನ ಮೇಲೆ ಬೆಡ್‌ಶೀಟು ಇರಲಿಲ್ಲ. ಅದರ ಮುಂದೆ ಒಂದು ಬೆಂಚು ಹಾಕಿತ್ತು.

"ಪುರಸಭೆ ಪಾಲು ಬಂದಾಗ ಬರಲಿ," ಎಂದಳು. "ನಿಮ್ಮ ಪಾಲು ಈಗ ಕೂತ್ಕೊಳ್ಳಲಿ."

ಅಂದಿನಿಂದ ಹೀಗೆ. ಬಟ್ಟೆಯ ಮೇಲೆ ಅವಳ ಕೈ, ಪೆಡಲಿನ ಮೇಲೆ ನನ್ನ ಕಾಲು. ಜೋರಾದರೆ ಬೈಗುಳ, ನಿಧಾನವಾದರೂ ಬೈಗುಳ, ದಾರ ಕಡಿದರೆ ಮೌನ. ಮೌನವೇ ಕಷ್ಟ. ಮಧ್ಯೆ ಮಧ್ಯೆ ಅವಳ ಬಲಪಾದ ಹಳೆಯ ರೂಢಿಯಲ್ಲಿ ನೆಲವನ್ನು ಒತ್ತಲು ಹೋಗಿ ನಡುಗುತ್ತದೆ. ನಾನು ನೋಡದವನಂತೆ ತುಳಿಯುತ್ತೇನೆ. ಗುಂಡಿ ಇನ್ನೂ ಹಾಗೇ ಇದೆ. ಕಡ್ಡಿಯೊಂದನ್ನು ನೆಟ್ಟಿದ್ದೇನೆ.

ನಿನ್ನೆ ಸಾಹೇಬರು ಮೇಲ್ಮನವಿಯ ನೋಟಿಸನ್ನು ನನ್ನ ಚೀಲಕ್ಕೆ ಹಾಕಿ, ಹೇಗೂ ಮನೆಗೆ ಹೋಗ್ತೀಯಲ್ಲ, ಆಕೆಯ ಸಹಿ ತಗೊಂಡು ಬಾ ಎಂದರು. ತುಳಿಯುತ್ತಲೇ ಅದನ್ನು ಅವಳತ್ತ ಚಾಚಿದೆ. ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಕೈಗೇ ಸೇರಬೇಕಲ್ವಾ? ನನ್ನ ಕೈ ಖಾಲಿ ಇಲ್ಲ."

"ಹಾಗಾದರೆ ಇಲ್ಲಿ ಮಷಿನ್ ಮೇಲೆ ಇಡ್ತೀನಿ."

"ಇಟ್ಟರೆ ಸೇರಿದ ಹಾಗಲ್ಲ ಅಂತ ನೀವೇ ಹೇಳಿದ್ರಿ. ಚಾರ್ಜನ್ನೂ ಯಾರಿಗೂ ಕೊಟ್ಟಿಲ್ಲ ನಾನು. ತುಳೀರಿ."

ಸಹಿಯಿಲ್ಲದೆ ಹೋದರೆ ಮರುದಿನ ಸಾಹೇಬರು ಬಿಡುವವರಲ್ಲ. ಸುತ್ತ ನೋಡಿದೆ. ನಮ್ಮ ಮನೆಗೆ ಹಿಂಬಾಗಿಲಿಲ್ಲ. ಮುಂದೆ ಗುಂಡಿ. ತುಳಿದೆ.