ಮಹೇಶ್ವರಪ್ಪನವರ ಭರ್ತಿ ಪಾಸ್‌ಪೋರ್ಟು

ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ಲಾರಿ ಬುಕಿಂಗ್ ಆಫೀಸು ಇಟ್ಟುಕೊಂಡಿದ್ದ ಮಹೇಶ್ವರಪ್ಪನವರು ಒಂದು ಬೆಳಿಗ್ಗೆ ಪೇಪರು ಮಡಿಸಿ, ಕನ್ನಡಕ ತೆಗೆದು, ಪ್ರಮಾಣವಚನ ಸ್ವೀಕರಿಸುವ ಮಂತ್ರಿಯ ಗತ್ತಿನಲ್ಲಿ ಘೋಷಿಸಿದರು.

"ಕಸ್ತೂರಿ, ನಾವಿಬ್ರೂ ಪಾಸ್‌ಪೋರ್ಟ್ ಮಾಡಿಸ್ಬೇಕು. ಈ ತಿಂಗಳಾಗೇ!"

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಸ್ತೂರಮ್ಮನವರ ಕೈ ನಿಲ್ಲಲಿಲ್ಲ. "ಎಲ್ಲಿಗೆ ಹೋಗಾಕೆ? ಯಾರು ಕರ್ದಾರೆ ನಮ್ಮನ್ನ?"

"ಯಾರೂ ಕರ್ದಿಲ್ಲ. ಫೀಸು ಏರ್ತೈತಂತೆ ಕಣೇ!"

ಅಷ್ಟು ಸಾಕಿತ್ತು. ಏನೇ ಆಗಲಿ, ರೇಟು ಏರುವ ಮುಂಚೆ ತಂದು ಮನೆಯಲ್ಲಿ ತುಂಬಿಕೊಳ್ಳಬೇಕು ಎಂಬುದು ಮಹೇಶ್ವರಪ್ಪನವರ ಜೀವನಸಿದ್ಧಾಂತ. ಹಿಂದೊಮ್ಮೆ ಬಜೆಟ್ಟಿನಲ್ಲಿ ಬೆಂಕಿಪೊಟ್ಟಣದ ಬೆಲೆ ಏರುತ್ತದೆಂದು ಯಾರೋ ಹೇಳಿದ್ದಕ್ಕೆ ಎರಡು ಗೋಣಿಚೀಲ ತುಂಬಾ ತಂದಿದ್ದರು. ಬೆಲೆ ಏರಲಿಲ್ಲ. ಮಳೆಗಾಲಕ್ಕೆ ಕಡ್ಡಿಗಳೆಲ್ಲ ಥಂಡಿ ಹಿಡಿದು, ಮುಂದೆ ಎರಡು ವರ್ಷ ಕಸ್ತೂರಮ್ಮ ಒಂದು ಒಲೆ ಹಚ್ಚಲು ಹದಿನೈದು ಕಡ್ಡಿ ಗೀರಿದರು. ಪ್ರತಿ ಕಡ್ಡಿಗೂ ಒಂದೊಂದು ಮಾತು ಗಂಡನಿಗೆ ತಪ್ಪದೆ ಸಲ್ಲುತ್ತಿತ್ತು.

ಆದರೆ ಈ ಸಲ ಅವರ ಕೈಯಲ್ಲಿ ಒಂದು ಗಟ್ಟಿ ಕಾರಣವಿತ್ತು. ಒಬ್ಬಳೇ ಮಗಳು ಸರ್ವಮಂಗಳಾ ಮದುವೆಯಾಗಿ ಮಸ್ಕತ್ ಸೇರಿ ಆರು ತಿಂಗಳಾಗಿತ್ತು. ಅಳಿಯ ಜಯದೇವ ಅಲ್ಲಿ ರಸ್ತೆ ಹಾಕುವ ಕಂಪನಿಯಲ್ಲಿ ಎಂಜಿನಿಯರು. ಎಂದಾದರೂ ಒಂದು ದಿನ ಹೋಗಲೇಬೇಕಲ್ಲ! ಮಗಳ ಹೆಸರು ಕೇಳಿದ ಮೇಲೆ ಕಸ್ತೂರಮ್ಮ ಎದುರಾಡಲಿಲ್ಲ. ದಾವಣಗೆರೆಯ ಸ್ಟುಡಿಯೋದಲ್ಲಿ ಇಬ್ಬರೂ ಫೋಟೋ ತೆಗೆಸಿಕೊಂಡರು, ಬೆಂಗಳೂರಿಗೆ ಅರ್ಜಿ ಹೋಯಿತು, ಪೊಲೀಸರು ಬಂದು ವಿಚಾರಿಸಿ ಕಾಫಿ ಕುಡಿದು ಹೋದರು. ಫೀಸು ಏರುವ ಹದಿನೈದು ದಿನ ಮುಂಚೆಯೇ ತಮ್ಮ ಅರ್ಜಿ ಸೇರಿತೆಂದು ಮಹೇಶ್ವರಪ್ಪನವರು ಇಡೀ ಬಸ್‌ಸ್ಟ್ಯಾಂಡಿಗೆ ಹೇಳಿಕೊಂಡು ತಿರುಗಿದರು.

ಪಾಸ್‌ಪೋರ್ಟುಗಳು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದವು. ಕಸ್ತೂರಮ್ಮ ತಮ್ಮದನ್ನು ಕಣ್ಣಿಗೊತ್ತಿಕೊಂಡು, ಹಳೇ ರವಿಕೆ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟರು. ಮಹೇಶ್ವರಪ್ಪನವರು ತಮ್ಮದನ್ನು ಆಫೀಸಿಗೆ ಒಯ್ದು ಪುಟ ಪುಟ ತಿರುವಿದರು. ಮುಂದೆ ಒಂದು ಫೋಟೋ, ಒಂದಿಷ್ಟು ಬರಹ. ಆಮೇಲೆ ನೋಡಿದರೆ ಎಲ್ಲ ಖಾಲಿ!

"ಏನೋ ಓಬಣ್ಣ, ಇಷ್ಟು ಹಾಳೆ ಸುಮ್ನೆ ಬಿಟ್ಟಾರಲ್ಲ?" ಎಂದು ತಮ್ಮ ಹಳೆಯ ಲಾರಿ ಡ್ರೈವರನ್ನು ಕೇಳಿದರು.

ಓಬಣ್ಣ ಇಪ್ಪತ್ತು ವರ್ಷ ಬೊಂಬಾಯಿ ರಸ್ತೆಯಲ್ಲಿ ಲಾರಿ ಓಡಿಸಿದವನು. ಅವನು ಕಂಡ ಚೆಕ್‌ಪೋಸ್ಟುಗಳಿಗೆ ಲೆಕ್ಕವಿಲ್ಲ. ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ ತಲೆ ಅಲ್ಲಾಡಿಸಿದ.

"ಸಾವ್ಕಾರ್ರೆ, ನಮ್ಮ ಪರ್ಮಿಟ್ ಬುಕ್ಕು ಇದ್ದಂಗೆ ಇದು. ಖಾಲಿ ಬುಕ್ಕು ಕಂಡ್ರೆ ಗೇಟಿನೋರಿಗೆ ಅನುಮಾನ. ಹೊಸಬ ಇವ್ನು, ಇಳಿಸ್ರೀ ಮಾಲು ಅಂತಾರೆ. ಅದೇ ನಾಕು ಕಡೆ ಸೀಲು ಬಿದ್ದಿರೋ ಬುಕ್ಕು ತೋರಿಸ್ರಿ, ಗೇಟು ಎತ್ತಿ ಸಲಾಂ ಹೊಡೀತಾರೆ!"

ಲಾರಿ ಲೋಕದಲ್ಲಿ ಇದು ನೂರಕ್ಕೆ ನೂರು ನಿಜ. ಮಹೇಶ್ವರಪ್ಪನವರ ಇಡೀ ಬಾಳುವೆ ಆ ಲೋಕದಲ್ಲೇ ಕಳೆದಿತ್ತು. ಅಂದೇ ಮೇಜಿನ ಡ್ರಾಯರ್ ಎಳೆದು, ತಮ್ಮ ಬುಕಿಂಗ್ ಆಫೀಸಿನ ರಬ್ಬರ್ ಸೀಲನ್ನು ಇಂಕಿಗೆ ಒತ್ತಿ, ಮೊದಲ ಖಾಲಿ ಪುಟದ ಮೇಲೆ ಧಡ್ ಎಂದು ಹೊಡೆದು ಶುಭಾರಂಭ ಮಾಡಿದರು!

ಅಲ್ಲಿಂದ ಶುರುವಾಯಿತು ದಿಗ್ವಿಜಯ ಯಾತ್ರೆ. ಲೋಡಿನ ಕೆಲಸಕ್ಕೆ ಎಲ್ಲಿಗೆ ಹೋದರೂ ಜುಬ್ಬದ ಜೇಬಿನಲ್ಲಿ ಪಾಸ್‌ಪೋರ್ಟು ಜೊತೆಗಿರುತ್ತಿತ್ತು. ಹೊನ್ನಾಳಿಯಲ್ಲಿ ಪರಿಚಯದ ಅಕ್ಕಿ ಗಿರಣಿಯವರು ದುಂಡನೆಯ ನೇರಳೆ ಸೀಲು ಒತ್ತಿದರು. ಜಗಳೂರಿನಲ್ಲಿ ಕಂಬಳಿ ವ್ಯಾಪಾರಿಯೊಬ್ಬರು ಕುರಿಯ ಚಿತ್ರವಿದ್ದ ಸೀಲು ಹಾಕಿ, ಮಸುಕಾಯಿತೆಂದು ಪಕ್ಕದ ಪುಟಕ್ಕೆ ಇನ್ನೆರಡು ಹಾಕಿ, ಮೇಲೆ ಮಜ್ಜಿಗೆ ಕೊಟ್ಟು ಕಳಿಸಿದರು. ನ್ಯಾಮತಿ ಸಂತೆಯಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದ ಕಾಂಪೌಂಡರು "ನನ್ನ ಸೀಲು ದನದ ಚೀಟಿಗೆ ಮಾತ್ರ ಸ್ವಾಮಿ" ಎಂದರೂ ಬಿಡದೆ ಹಾಕಿಸಿಕೊಂಡರು. ಬಸವಾಪಟ್ಟಣ, ತ್ಯಾವಣಿಗೆ, ನಲ್ಲೂರುಗಳ ಅಂಗಡಿಯವರು ಕೇಳುವ ಮೊದಲೇ ಇಂಕಿನ ಡಬ್ಬಿ ತೆರೆದರು. ವಿದೇಶಕ್ಕೆ ಹೋಗುವ ಪುಸ್ತಕದಲ್ಲಿ ತಮ್ಮ ಅಂಗಡಿಯ ಹೆಸರೂ ಇರಲಿ ಎಂಬ ಆಸೆ ಯಾರಿಗಿಲ್ಲ!

ಒಂದು ಸಂಜೆ ಹೆಂಡತಿಗೂ ಉಪಕಾರ ಮಾಡಲು ಹೊರಟರು. "ನಿಂದೂ ಕೊಡೆ. ನಾಳೆ ಹೊನ್ನಾಳಿಗೆ ಹೋಗ್ತೀನಿ, ಒಂದೆಂಟು ಸೀಲು ಹಾಕಿಸ್ಕಂಡು ಬರ್ತೀನಿ."

"ನನ್ನ ಫೋಟೋ ಇರೋ ಪುಸ್ತಕನಾ ಕಂಡಕಂಡೋರ ಕೈಗೆ ಕೊಟ್ಟು ಸಂತೆಯಾಗೆ ತಿರುಗ್ಸಾಕೆ ನಾನು ಬಿಡಲ್ಲ" ಎಂದರು ಕಸ್ತೂರಮ್ಮ.

"ಗೇಟಿನಾಗೆ ತಡೀತಾರೆ ಆಮೇಲೆ!"

"ತಡೀಲಿ. ಮನೆಗೆ ಬಂದು ರೊಟ್ಟಿ ಬಡೀತೀನಿ."

ವರ್ಷ ತುಂಬುವುದರೊಳಗೆ ಮಗಳ ಕಾಗದ ಬಂತು. ಬಸುರಿ! ಮೊದಲ ಹೆರಿಗೆ, ತವರಿಗೆ ಬರಬೇಕು. ಆದರೆ ಅಲ್ಲಿಯ ಡಾಕ್ಟರು ವಿಮಾನ ಹತ್ತಲೇಬಾರದು ಎಂದಿದ್ದಾರೆ. "ಅವ್ವ ಹತ್ತಿರ ಇದ್ದರೆ ಮಾತ್ರ ನನಗೆ ಧೈರ್ಯ. ಅವ್ವನ್ನ ಹೆಂಗಾದರೂ ಕಳಿಸ್ರಿ ಅಪ್ಪಾಜಿ" ಎಂದು ಬರೆದಿದ್ದಳು. ಅಕ್ಷರಗಳ ಮೇಲೆ ಕಣ್ಣೀರು ಬಿದ್ದು ಕಲೆಯಾಗಿತ್ತು. ಕಾಗದ ಓದಿ ಮಹೇಶ್ವರಪ್ಪನವರೂ ಒಂದು ಗಳಿಗೆ ಗೋಡೆ ಕಡೆ ತಿರುಗಿ ಕೂತರು. ಮಗಳೆಂದರೆ ಅವರಿಗೆ ಪ್ರಾಣ. ಆಮೇಲೆ ಎಂದಿನ ಗತ್ತು ಮರಳಿ ಬಂತು.

"ನಿನ್ನೊಬ್ಬಳನ್ನೇ ಕಳ್ಸಾಕಾಗ್ತೈತೇನೆ? ದಾವಣಗೆರೆ ದಾಟಿ ಎಷ್ಟು ಸಲ ಹೋಗೀಯ?"

"ಒಂದು ಸಲನೂ ಇಲ್ಲ."

"ಅದಕ್ಕೇ ನಾನೂ ಬರ್ತೀನಿ. ನನ್ನ ಹಿಂದೆ ನಿಂತ್ಕ. ಬಾಯಿ ಬಿಡಬ್ಯಾಡ. ನನ್ನ ಬುಕ್ಕು ನೋಡಿ ನಿನ್ನನ್ನೂ ಬಿಡ್ತಾರೆ!"

ಅಳಿಯ ವೀಸಾದ ಕಾಗದ ಕಳಿಸಿದ. ಅಂಟಿನುಂಡೆ, ಬಾಣಂತಿ ಕಷಾಯದ ಪುಡಿ, ಕೂಸಿಗೆ ಹಾಸಲು ಹಳೇ ಸೀರೆಯ ಕೌದಿ ಎಲ್ಲ ಕಟ್ಟಿಕೊಂಡು ದಂಪತಿಗಳು ರೈಲು ಹತ್ತಿ ಬೊಂಬಾಯಿ ಮುಟ್ಟಿದರು. ಅಲ್ಲಿ ವಿಮಾನ ನಿಲ್ದಾಣದಲ್ಲಿ ಉದ್ದ ಸಾಲು. ಅವಸರದಲ್ಲಿದ್ದ ಅಧಿಕಾರಿ ಮಹೇಶ್ವರಪ್ಪನವರ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಕೊನೆಯ ಪುಟದ ಮೂಲೆಯಲ್ಲಿ ಉಳಿದಿದ್ದ ಅಂಗೈಯಗಲ ಜಾಗಕ್ಕೆ ಗುರಿಯಿಟ್ಟು ಸೀಲು ಹೊಡೆದು ಸಾಗಹಾಕಿದ.

"ನೋಡಿದ್ಯಾ?" ಎಂದರು ಮಹೇಶ್ವರಪ್ಪನವರು ಹೆಂಡತಿಯತ್ತ ತಿರುಗಿ. "ಒಂದು ಮಾತು ಕೇಳ್ಲಿಲ್ಲ!"

ಮಸ್ಕತ್‌ನಲ್ಲಿ ಇಳಿದಾಗ ಬೆಳಗಿನ ಒಂಬತ್ತು ಗಂಟೆ. ಕೌಂಟರಿನ ಹಿಂದೆ ಬಿಳಿಯ ನಿಲುವಂಗಿಯ ಅಧಿಕಾರಿ. ಮಹೇಶ್ವರಪ್ಪನವರು ಎದೆಯುಬ್ಬಿಸಿ ಪಾಸ್‌ಪೋರ್ಟನ್ನು ಮುಂದಿಟ್ಟರು. ಅವನು ಒಂದು ಪುಟ ತೆಗೆದ. ಇನ್ನೊಂದು ತೆಗೆದ. ಹಿಂದಿನಿಂದ ತೆಗೆದ. ಪುಸ್ತಕವನ್ನು ಅಡ್ಡ ಹಿಡಿದು ನೋಡಿದ. ಕುರಿಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಕೊನೆಗೆ ಒಳಗಿನಿಂದ ಒಬ್ಬ ಗುಮಾಸ್ತನನ್ನು ಕರೆಸಿದ. ಪುಣ್ಯಕ್ಕೆ ಆ ಗುಮಾಸ್ತ ಮಂಗಳೂರಿನವನು!

"ಏನು ಮಾರಾಯ್ರೆ ಇದು?" ಎಂದು ಅವನು ಕಣ್ಣರಳಿಸಿ ಓದತೊಡಗಿದ. "ಉತ್ತಮ ದರ್ಜೆಯ ಕುಸುಬಲಕ್ಕಿ, ಹೊನ್ನಾಳಿ. ಅಪ್ಪಟ ಉಣ್ಣೆಯ ಕಂಬಳಿಗಳು, ಜಗಳೂರು. ಸರಕು ಮಾಲೀಕರ ಜವಾಬ್ದಾರಿ, ಚನ್ನಗಿರಿ. ಮತ್ತೆ ಇದು..." ಅವನು ಪುಸ್ತಕವನ್ನು ಕಣ್ಣಿನ ಹತ್ತಿರ ತಂದ. "ಕಾಲುಬಾಯಿ ಜ್ವರದ ಲಸಿಕೆ ಹಾಕಲಾಗಿದೆ, ನ್ಯಾಮತಿ. ಇದು ನಿಮಗೆ ಹಾಕಿದ್ದಾ?"

"ಅಲ್ಲಪ್ಪ, ಅದು... ಸುಮ್ನೆ... ಖಾಲಿ ಇದ್ರೆ ಅನುಮಾನ ಬರ್ತೈತೆ ಅಂತ..." ಮಹೇಶ್ವರಪ್ಪನವರ ದನಿ ಕುಗ್ಗಿತು.

"ಅಯ್ಯೋ ದೇವರೇ! ಖಾಲಿ ಪುಟಕ್ಕೇ ಅಲ್ವಾ ಇಲ್ಲಿ ಬೆಲೆ ಇರುವುದು! ಇವರು ಸೀಲು ಎಲ್ಲಿ ಹಾಕುವುದು? ಒಂದು ಇಂಚು ಜಾಗ ಇಲ್ಲ."

"ಹೊಸ ಪುಸ್ತಕ ಮಾಡಿಸ್ಕಂತೀನಿ. ಏರಿದ ರೇಟೇ ಕೊಡ್ತೀನಿ!" ಎಂದುಬಿಟ್ಟರು ಮಹೇಶ್ವರಪ್ಪನವರು. ಅವರ ಬಾಯಿಂದ ಇಂಥ ಮಾತು ಹೊರಟಿದ್ದು ಜನ್ಮದಲ್ಲಿ ಅದೇ ಮೊದಲು.

"ಹೊಸದು ಬೇಕಾದರೆ ಪೇಟೆಯಲ್ಲಿರುವ ನಮ್ಮ ದೇಶದ ಕಚೇರಿಗೆ ಹೋಗಬೇಕು. ಅಲ್ಲಿಗೆ ಹೋಗಲಿಕ್ಕೆ ಈ ಬಾಗಿಲು ದಾಟಬೇಕು. ಬಾಗಿಲು ದಾಟಲಿಕ್ಕೆ ಸೀಲು ಬೇಕು. ಸೀಲಿಗೆ ಜಾಗ ಬೇಕು!" ಎಂದು ಗುಮಾಸ್ತ ಕೈ ಚೆಲ್ಲಿದ. ಅವನು ಅಧಿಕಾರಿಯ ಮುಂದೆ ಸಾಕಷ್ಟು ಬೇಡಿಕೊಂಡ. ಅಧಿಕಾರಿ ಒಳ್ಳೆಯವನೇ, ನಗು ತಡೆಯಲು ಕೆಮ್ಮಿದ. ಆದರೆ ಕಾಯಿದೆ ಕಾಯಿದೆಯೇ. ಮುಂದಿನ ವಿಮಾನದಲ್ಲಿ ವಾಪಸು ಹೋಗಬೇಕು.

ಅಷ್ಟರಲ್ಲಿ ಹಿಂದೆ ನಿಂತಿದ್ದ ಕಸ್ತೂರಮ್ಮ ರವಿಕೆ ಬಟ್ಟೆ ಬಿಚ್ಚಿ ತಮ್ಮ ಪುಸ್ತಕವನ್ನು ಕೌಂಟರಿನ ಮೇಲಿಟ್ಟರು. ಒಳಗೆ ಹಾಲಿನಂಥ ಪುಟಗಳು. ಟಪ್! ಒಂದೇ ಸೀಲು. ಅರ್ಧ ನಿಮಿಷದ ಕೆಲಸ.

ಆದರೆ ಕಸ್ತೂರಮ್ಮ ಕದಲಲಿಲ್ಲ. "ನಿಮ್ಮನ್ನ ಬಿಟ್ಟು ನಾನು ಹೆಂಗೆ ಹೋಗ್ಲಿ? ನಡೀರಿ, ಇಬ್ರೂ ಊರಿಗೆ ಹೋಗಾನ."

ಆಗ ಹೊರಗಿನಿಂದ ಅಳಿಯನ ಚೀಟಿ ಬಂತು. ಗುಮಾಸ್ತ ಓದಿ ಹೇಳಿದ. ಸರ್ವಮಂಗಳೆಗೆ ಬೆಳಗಿನ ಜಾವದಿಂದಲೇ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಅವ್ವ ಬಂದಳಾ ಎಂದು ಒಂದೇ ಸಮನೆ ಕೇಳುತ್ತಿದ್ದಾಳೆ.

ಮಹೇಶ್ವರಪ್ಪನವರ ಗತ್ತೆಲ್ಲ ಅಲ್ಲೇ ಇಳಿದುಹೋಯಿತು. ಅಂಟಿನುಂಡೆಯ ಡಬ್ಬಿಯನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟರು.

"ಹೋಗು ಕಸ್ತೂರಿ. ಆಕಿ ಕರೀತಿರೋದು ನಿನ್ನ. ನಂದು ತಪ್ಪಾತು. ನೀನು ಅವತ್ತು ಪುಸ್ತಕ ಕೊಡ್ದೇ ಇದ್ದಿದ್ದು ನಮ್ಮ ಪುಣ್ಯ."

"ನೀವು ಉಂಡ್ರೋ ಇಲ್ವೋ ನೋಡೋರು ಯಾರ್ರೀ ಇಲ್ಲಿ?"

"ನಾನು ನೋಡ್ಕೊಳ್ತೇನೆ ಅಮ್ಮ, ನೀವು ಹೊರಡಿ" ಎಂದ ಗುಮಾಸ್ತ. ಕಸ್ತೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯನ್ನು ಬಗಲಿಗೆ ಏರಿಸಿ, ದಾವಣಗೆರೆ ದಾಟದ ಹೆಂಗಸು ಎಂಬ ಅಳುಕಿಲ್ಲದೆ ಆ ಗಾಜಿನ ಬಾಗಿಲಿನಲ್ಲಿ ನಡೆದುಹೋದರು. ಅವರು ಕಣ್ಮರೆಯಾಗುವ ತನಕ ಮಹೇಶ್ವರಪ್ಪನವರು ನಿಂತೇ ಇದ್ದರು. ಆಮೇಲೆ ಬೆಂಚಿನ ಮೇಲೆ ಕೂತು, ಗುಮಾಸ್ತ ತಂದುಕೊಟ್ಟ ಟೀ ಕುಡಿದರು. ಆವತ್ತು ಸಂಜೆಯ ವಿಮಾನಕ್ಕೆ ಅವರನ್ನು ಹತ್ತಿಸಲಾಯಿತು.

ಚನ್ನಗಿರಿ ಸೇರುವಷ್ಟರಲ್ಲಿ ಅವರಿಗಿಂತ ಮೊದಲೇ ಟೆಲಿಗ್ರಾಂ ಬಂದು ಕೂತಿತ್ತು. ಗಂಡು ಮಗು, ತಾಯಿ ಮಗು ಕ್ಷೇಮ, ಹೆರಿಗೆಯ ಹೊತ್ತಿಗೆ ಅವ್ವ ಪಕ್ಕದಲ್ಲೇ ಇದ್ದಳು. ಮಹೇಶ್ವರಪ್ಪನವರು ಇಡೀ ಬಸ್‌ಸ್ಟ್ಯಾಂಡಿಗೆ ಪೇಡಾ ಹಂಚಿದರು. ಪೇಡಾ ತಿನ್ನುತ್ತಾ ಓಬಣ್ಣ ಕೇಳಿಯೇಬಿಟ್ಟ: "ಮಸ್ಕತ್ತು ಹೆಂಗೈತೆ ಸಾವ್ಕಾರ್ರೆ?"

"ಬೆಂಚು ಗಟ್ಟಿ ಐತೆ" ಎಂದರು ಮಹೇಶ್ವರಪ್ಪನವರು.

ಮೊಮ್ಮಗನ ಮುಖ ನೋಡುವ ಆಸೆ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹೊಸ ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಓಡಿದರು. ಅಲ್ಲಿನ ಗುಮಾಸ್ತೆ ಹಳೆಯದನ್ನು ಕೈಯಲ್ಲಿ ತೂಗಿ ನೋಡಿ, "ಒಂದೇ ವರ್ಷಕ್ಕೆ ಪೂರ್ತಿ ತುಂಬಿದೆಯಲ್ಲ ಸಾರ್! ಎಲ್ಲೆಲ್ಲಿಗೆ ಹೋಗಿದ್ರಿ?" ಎಂದು ಭಕ್ತಿಯಿಂದ ಕೇಳಿದಳು.

"ಹೊನ್ನಾಳಿ, ನ್ಯಾಮತಿ, ಜಗಳೂರು" ಎಂದರು ಮಹೇಶ್ವರಪ್ಪನವರು ನೆಲ ನೋಡುತ್ತಾ.

ಏರಿದ ಫೀಸು ಕಟ್ಟಿದರು, ಮುಚ್ಚಳಿಕೆ ಬರೆದುಕೊಟ್ಟರು, ಇನ್ನೊಮ್ಮೆ ಹೀಗೆ ಮಾಡಿದರೆ ಜೈಲು ಎಂಬ ಬುದ್ಧಿವಾದವನ್ನೂ ಕೇಳಿಸಿಕೊಂಡರು. ಹೊಸ ಪುಸ್ತಕ ಕೈಗೆ ಬರಲು ಮೂರು ತಿಂಗಳು ಹಿಡಿಯಿತು. ಅದು ಬಂದ ವಾರವೇ ಮಗಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಕಸ್ತೂರಮ್ಮನೇ ಊರಿಗೆ ಹೊರಟರು.

ದಾವಣಗೆರೆ ಸ್ಟೇಷನ್ನಿಗೆ ರೈಲು ಬರುವ ಎರಡು ಗಂಟೆ ಮೊದಲೇ ಮಹೇಶ್ವರಪ್ಪನವರು ಹಾಜರು! ಒಂದೂ ಸೀಲು ಬೀಳದ ಹೊಸ ಪಾಸ್‌ಪೋರ್ಟನ್ನು ಹೆಂಡತಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಜುಬ್ಬದ ಜೇಬಿನಲ್ಲಿಟ್ಟುಕೊಂಡಿದ್ದರು. ರೈಲು ನಿಂತಿತು. ಇಳಿದವರೇ ಕಸ್ತೂರಮ್ಮ ಕೌದಿಯ ಸಮೇತ ಕೂಸನ್ನು ಅವರ ತೋಳಿಗೆ ಒಪ್ಪಿಸಿದರು. ಮಹೇಶ್ವರಪ್ಪನವರ ಕಣ್ಣು ತುಂಬಿ ಬಂತು. ಶಹಬ್ಬಾಸ್‌ಗಿರಿ ಮರೆತೇಹೋಯಿತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕೂಸನ್ನು ಎದೆಗವಚಿಕೊಂಡರು. ಅದು ಒಂದು ಆಕಳಿಕೆ ತೆಗೆದು, ಜುಬ್ಬದ ಗುಂಡಿಯನ್ನು ಹಿಡಿದುಕೊಂಡೇ ನಿದ್ದೆಹೋಯಿತು.

ಸ್ವಲ್ಪ ಹೊತ್ತಿಗೆ ಎದೆಯ ಮೇಲೆ ಏನೋ ಬೆಚ್ಚಗಾಯಿತು. ಬೆಚ್ಚಗಿದ್ದದ್ದು ಮೆಲ್ಲಗೆ ಜೇಬಿನತ್ತ ಹರಿಯಿತು.

"ಅಪ್ಪಾಜಿ, ಜೇಬಿನಾಗೆ ಏನೋ ಐತಲ್ಲ, ತೆಗೀರಿ ಬೇಗ! ನೆನೀತೈತೆ!" ಎಂದು ಮಗಳು ಕೂಗಿದಳು.

ತೆಗೆಯಬೇಕಾದರೆ ಕೂಸನ್ನು ಪಕ್ಕಕ್ಕೆ ಸರಿಸಬೇಕು. ಸರಿಸಿದರೆ ಎಚ್ಚರವಾಗುತ್ತದೆ. ಏರಿದ ಫೀಸು, ಮುಚ್ಚಳಿಕೆ, ಮೂರು ತಿಂಗಳ ಓಡಾಟ ಎಲ್ಲ ಒಮ್ಮೆ ಮಹೇಶ್ವರಪ್ಪನವರ ಕಣ್ಣ ಮುಂದೆ ಹಾದುಹೋದವು. ಆದರೂ ಅವರು ಅಲುಗಾಡಲಿಲ್ಲ.

"ಇರ್ಲಿ ಬಿಡವ್ವ. ಈಗಷ್ಟೇ ಮಲಗೈತೆ" ಎಂದರು ಪಿಸುದನಿಯಲ್ಲಿ.

ಜೇಬಿನಿಂದ ಇಣುಕುತ್ತಿದ್ದ ನೀಲಿ ರಟ್ಟನ್ನು ಆಗ ಕಂಡ ಕಸ್ತೂರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ಹಾಕಿಸ್ಕಳ್ರಿ, ಹಾಕಿಸ್ಕಳ್ರಿ! ಊರೋರ್ದೆಲ್ಲ ಆಗಿತ್ತು, ಮನೆಯೋರ ಸೀಲೊಂದೇ ಬಾಕಿ ಇತ್ತು!"